ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುನ್ನ: ಆಹಾರ ಮತ್ತು ಜೀವನಕ್ರಮದ ಸಿದ್ಧತೆ

ದೇಹದಲ್ಲಿ ಅಗತ್ಯಕ್ಕಿಂತ ಹೆಚ್ಚು ಕೊಬ್ಬು ಶೇಖರವಾಗಿ ಆರೋಗ್ಯಕ್ಕೆ ಹಾನಿಯುಂಟಾಗುವ ಸ್ಥಿತಿಗೆ ಸ್ಥೂಲಕಾಯ ಅಥವಾ ಬೊಜ್ಜು ಎಂದು ಹೆಸರು. ಮೈತುಂಬಿಕೊಂಡಿರುವುದು ಅನುಕೂಲಸ್ಥ ಮನೆತನದ ಲಕ್ಷಣವೆಂಬ ಭಾವನೆ ಬಹುಕಾಲದಿಂದ ಬೇರೂರಿದ್ದುದರಿಂದ ಇದನ್ನು ರೋಗವೆಂದು ಪರಿಗಣಿಸುವ ರೂಢಿ ಜನರಲ್ಲಿ ಇರಲಿಲ್ಲ. ಆದರೆ ಮಧುಮೇಹ, ರಕ್ತದ ಒತ್ತಡ, ಹೃದ್ರೋಗ, ಮಂಡಿಯ ಸವೆತ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುವಿಕೆ ಮುಂತಾದ ಅನೇಕ ತೊಂದರೆಗಳಿಗೆ ಬೊಜ್ಜು ಮೂಲವಾಗುತ್ತದೆ.

ರಾಜಧಾನಿ ದೆಹಲಿಯಲ್ಲಿ ಈ ಸಮಸ್ಯೆ ವಿಶೇಷವಾಗಿ ತೀವ್ರವಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೆಹಲಿಯ ವಯಸ್ಕ ಮಹಿಳೆಯರಲ್ಲಿ ಶೇಕಡಾ ಸುಮಾರು 41 ಮಂದಿ ಹಾಗೂ ಪುರುಷರಲ್ಲಿ ಶೇಕಡಾ 38 ಮಂದಿ ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ ಇಡೀ ದೇಶದ ಪ್ರಮಾಣ ಮಹಿಳೆಯರಲ್ಲಿ ಶೇಕಡಾ 24, ಪುರುಷರಲ್ಲಿ ಶೇಕಡಾ 23ರ ಆಸುಪಾಸಿನಲ್ಲಿದ್ದಿತು. ಕರ್ನಾಟಕದಲ್ಲಿ ಇದು ಶೇಕಡಾ 30ರಷ್ಟು. ಉದ್ಯೋಗ ನಿಮಿತ್ತ ದೆಹಲಿ, ನೋಯ್ಡಾ, ಗುರುಗ್ರಾಮ, ಗಾಜಿಯಾಬಾದ್ ಮತ್ತು ಫರೀದಾಬಾದ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳೂ ಈ ಪರಿಸರದಿಂದ ಹೊರತಾಗಿಲ್ಲ. ಊರಿನ ಅನ್ನ, ಸಾರು, ದೋಸೆಗಳ ಜೊತೆಗೆ ಉತ್ತರದ ಪರಾಠ, ಛೋಲೆ ಭಟೂರೆ, ಸಮೋಸ, ಜಿಲೇಬಿಗಳೂ ಸೇರಿಕೊಂಡಿವೆ. ಕುಳಿತು ಮಾಡುವ ಕೆಲಸ ಹೆಚ್ಚಿದೆ; ನಡಿಗೆ ಕಡಿಮೆಯಾಗಿದೆ.

ಪಥ್ಯ, ವ್ಯಾಯಾಮ ಮತ್ತು ಔಷಧಗಳಿಂದ ತೂಕ ಇಳಿಯದೆ ರೋಗಗಳು ಉಲ್ಬಣಿಸಿದಾಗ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದುಂಟು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸೇರಿದಂತೆ ರಾಜಧಾನಿ ವಲಯದ ಹಲವು ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ಶಸ್ತ್ರಚಿಕಿತ್ಸೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಅದರ ಫಲ ಮಾತ್ರ ಹಿಂದಿನ ಹಾಗೂ ಮುಂದಿನ ತಿಂಗಳುಗಳ ಆಹಾರಕ್ರಮವನ್ನು ಅವಲಂಬಿಸಿದೆ. ಆದುದರಿಂದ ಶಸ್ತ್ರಚಿಕಿತ್ಸೆಗೆ ಮುಂಚಿನ ಅವಧಿಯಲ್ಲಿ ರೋಗಿಯೂ ಮನೆಯವರೂ ಏನನ್ನು ಕಲಿಯಬೇಕು, ಏಕೆ ಕಲಿಯಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾರಿಗೆ ಈ ಶಸ್ತ್ರಚಿಕಿತ್ಸೆ?

ಬೊಜ್ಜಿನ ಪ್ರಮಾಣವನ್ನು ತಿಳಿಯಲು ದೇಹತೂಕ ಸೂಚ್ಯಂಕವನ್ನು ಬಳಸುತ್ತಾರೆ. ಕಿಲೊಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚ್ಯಂಕ ದೊರೆಯುತ್ತದೆ. ಉದಾಹರಣೆಗೆ 160 ಸೆಂಟಿಮೀಟರ್ ಎತ್ತರ ಮತ್ತು 95 ಕಿಲೊಗ್ರಾಂ ತೂಕವಿರುವ ವ್ಯಕ್ತಿಯ ಸೂಚ್ಯಂಕ ಸುಮಾರು 37. ಭಾರತೀಯರಲ್ಲಿ ಕೊಬ್ಬು ಹೆಚ್ಚಾಗಿ ಹೊಟ್ಟೆಯ ಸುತ್ತ ಶೇಖರವಾಗುವುದರಿಂದ ಕಡಿಮೆ ತೂಕದಲ್ಲಿಯೇ ಮಧುಮೇಹ ಮತ್ತು ಹೃದ್ರೋಗಗಳು ತಲೆದೋರುತ್ತವೆ. ಆ ಕಾರಣದಿಂದ ಭಾರತೀಯರ ಮಟ್ಟಿಗೆ ಸೂಚ್ಯಂಕ 23ನ್ನು ಮೀರಿದರೆ ಎಚ್ಚರ ವಹಿಸಬೇಕೆಂದು ತಜ್ಞರ ಅಭಿಪ್ರಾಯ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರನ್ನೂ ಮಹಿಳೆಯರಲ್ಲಿ 80 ಸೆಂಟಿಮೀಟರನ್ನೂ ಮೀರಬಾರದು.

ಶಸ್ತ್ರಚಿಕಿತ್ಸೆಯ ಅರ್ಹತೆ ಇದಕ್ಕಿಂತ ಬಹಳ ಮೇಲಿನ ಮಟ್ಟದ್ದು. 1991ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಮಾನದಂಡದಂತೆ ಸೂಚ್ಯಂಕ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಇಲ್ಲವೆ ಸಂಬಂಧಿತ ರೋಗಗಳೊಡನೆ 35 ಇರಬೇಕು ಎಂಬ ನಿಯಮವಿತ್ತು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಂಘಗಳು ಇದನ್ನು ಪರಿಷ್ಕರಿಸಿದವು. ಅದರ ಪ್ರಕಾರ ಸೂಚ್ಯಂಕ 35ಕ್ಕಿಂತ ಹೆಚ್ಚಿರುವವರಿಗೆ, ಹಾಗೂ ಮಧುಮೇಹವಿದ್ದು 30ಕ್ಕಿಂತ ಹೆಚ್ಚಿರುವವರಿಗೆ ಶಸ್ತ್ರಚಿಕಿತ್ಸೆಯನ್ನು ಸಲಹೆ ಮಾಡಬಹುದು. ಏಷ್ಯಾ ಮೂಲದವರ ವಿಷಯದಲ್ಲಿ ಇದಕ್ಕೂ ಕಡಿಮೆ ಮಿತಿಗಳು ಅನ್ವಯಿಸುತ್ತವೆ.

ಆರೋಗ್ಯ ವಿಮೆಯ ನಿಯಮ ಬೇರೆ ಎಂಬುದನ್ನು ಗಮನಿಸಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾದರಿ ಷರತ್ತಿನಲ್ಲಿ ರೋಗಿಗೆ 18 ವರ್ಷ ತುಂಬಿರಬೇಕು. ಸೂಚ್ಯಂಕ 40 ಇರಬೇಕು, ಅಥವಾ ಹೃದ್ರೋಗ, ನಿದ್ರೆಯ ತೀವ್ರ ಉಸಿರುಕಟ್ಟು, ಹತೋಟಿಗೆ ಬಾರದ ಮಧುಮೇಹ ಮುಂತಾದ ತೊಡಕುಗಳೊಡನೆ 35 ಇರಬೇಕು ಎಂದಿದೆ. ವೈದ್ಯರ ದೃಷ್ಟಿಯಲ್ಲಿ ಅರ್ಹನಾದ ವ್ಯಕ್ತಿಗೆ ವಿಮೆಯ ಹಣ ದೊರೆಯದಿರುವ ಸಂಭವವಿದೆ. ಕೇಂದ್ರ ಸರ್ಕಾರಿ ನೌಕರರು ಮತ್ತು ನಿವೃತ್ತರು ತಮ್ಮ ಆರೋಗ್ಯ ಯೋಜನೆಯ ಕೇಂದ್ರದಲ್ಲಿ ಅನುಮತಿಯ ಕ್ರಮವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಶಸ್ತ್ರಚಿಕಿತ್ಸೆಯಿಂದಾಗುವ ಬದಲಾವಣೆ

ಮುಂಚಿನ ಸಿದ್ಧತೆಯ ಮಹತ್ವ ಅರ್ಥವಾಗಬೇಕಾದರೆ ಶಸ್ತ್ರಚಿಕಿತ್ಸೆಯಲ್ಲಿ ಏನಾಗುತ್ತದೆಂಬುದನ್ನು ತಿಳಿಯಬೇಕು. ಎರಡು ವಿಧಾನಗಳು ಹೆಚ್ಚು ಬಳಕೆಯಲ್ಲಿವೆ. ಎರಡನ್ನೂ ಸಾಮಾನ್ಯವಾಗಿ ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳನ್ನು ಮಾಡಿ ದರ್ಶಕ ಯಂತ್ರದ ನೆರವಿನಿಂದ ನಡೆಸುತ್ತಾರೆ.

ಮೊದಲನೆಯದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತಲೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಕಾಯಿಯ ಆಕಾರದ ಸಣ್ಣ ಕೊಳವೆಯಂತೆ ಉಳಿಸುತ್ತಾರೆ. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ರಸದೂತದ ಬಹುಭಾಗ ಕತ್ತರಿಸಿ ತೆಗೆದ ಭಾಗದಲ್ಲಿಯೇ ಉತ್ಪತ್ತಿಯಾಗುವುದರಿಂದ ಹಸಿವೂ ಕಡಿಮೆಯಾಗುತ್ತದೆ. ಎರಡನೆಯದು ಗ್ಯಾಸ್ಟ್ರಿಕ್ ಬೈಪಾಸ್. ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಚಿಕ್ಕ ಚೀಲವೊಂದನ್ನು ಉಳಿಸಿ ಅದನ್ನು ನೇರವಾಗಿ ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. ಆಹಾರವು ಜಠರದ ಉಳಿದ ಭಾಗವನ್ನೂ ಸಣ್ಣ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಸಾಗುತ್ತದೆ. ಬೈಪಾಸ್ ವಿಧಾನದ ಮೂಲರೂಪವನ್ನು ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ವೈದ್ಯರು 1966ರಲ್ಲಿ ಆರಂಭಿಸಿದರು.

ಈ ಚಿಕಿತ್ಸೆಗಳ ಪ್ರಯೋಜನ ಗಣನೀಯವಾದದ್ದು. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನದ ಫಲಿತಾಂಶವು 2007ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಮರಣದ ಪ್ರಮಾಣ, ಸಾಮಾನ್ಯ ಚಿಕಿತ್ಸೆ ಪಡೆದ ಸ್ಥೂಲಕಾಯರಿಗಿಂತ ಕಡಿಮೆಯೆಂದು ಅದರಿಂದ ಕಂಡುಬಂದಿತು. ಅನೇಕರಲ್ಲಿ ಮಧುಮೇಹವೂ ಹತೋಟಿಗೆ ಬರುತ್ತದೆ.

ಆದರೆ ಪ್ರಯೋಜನದ ಜೊತೆಗೆ ಜೀವನಪರ್ಯಂತದ ಕಟ್ಟುಪಾಡೂ ಬರುತ್ತದೆ. ಊಟದ ಪ್ರಮಾಣ ಕೆಲವು ತುತ್ತುಗಳಿಗೆ ಇಳಿಯುವುದರಿಂದ ಪೌಷ್ಟಿಕಾಂಶಗಳೂ ಅಷ್ಟೇ ಕಡಿಮೆ ದೊರೆಯುತ್ತವೆ. ಕಬ್ಬಿಣ ಮತ್ತು ಸುಣ್ಣದ ಅಂಶಗಳು ಹೆಚ್ಚಾಗಿ ಹೀರಲ್ಪಡುವುದು ಬೈಪಾಸಿನಲ್ಲಿ ತಪ್ಪಿಹೋಗುವ ಕರುಳಿನ ಭಾಗದಲ್ಲಿಯೇ. ಬಿ-12 ಜೀವಸತ್ವವನ್ನು ದೇಹ ಹೀರಿಕೊಳ್ಳಲು ಜಠರದಲ್ಲಿ ಸ್ರವಿಸುವ ವಿಶೇಷ ಪದಾರ್ಥವೊಂದು ಬೇಕು. ಜಠರದ ಗಾತ್ರ ಕುಗ್ಗಿದರೆ ಅಥವಾ ಆಹಾರ ಅದನ್ನು ಮುಟ್ಟದೆ ಹೋದರೆ ಈ ಕ್ರಿಯೆ ಕುಂಠಿತವಾಗುತ್ತದೆ. ಆದ್ದರಿಂದ ಜೀವಸತ್ವ ಮತ್ತು ಖನಿಜಗಳ ಮಾತ್ರೆಗಳನ್ನು ಬದುಕಿರುವವರೆಗೆ ಸೇವಿಸಬೇಕಾಗುತ್ತದೆ. ಇದಕ್ಕೆ ಮನಸ್ಸು ಒಪ್ಪದವರು ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡುವ ಮೊದಲು ಮತ್ತೊಮ್ಮೆ ಆಲೋಚಿಸಬೇಕು.

ಇಲ್ಲಿ ಒಂದು ಹಳೆಯ ರೋಗದ ನೆನಪು ಅಪ್ರಸ್ತುತವಾಗಲಾರದು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯು 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರ ನೇತೃತ್ವದಲ್ಲಿ ಬೆರಿಬೆರಿ ರೋಗದ ವಿಚಾರಣೆಗಾಗಿ ಆರಂಭವಾದ ಸಂಸ್ಥೆ. ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿಕೊಂಡವರಲ್ಲಿ ಬಿ-1 ಜೀವಸತ್ವದ ಕೊರತೆಯಿಂದ ಈ ರೋಗ ಬರುತ್ತಿತ್ತು. ಇಂದು ಅದು ಅಪರೂಪವಾದರೂ, ಶಸ್ತ್ರಚಿಕಿತ್ಸೆಯ ಅನಂತರ ಮೇಲಿಂದ ಮೇಲೆ ವಾಂತಿಯಾಗಿ ಆಹಾರ ನಿಲ್ಲದವರಲ್ಲಿ ಕೆಲವೇ ವಾರಗಳಲ್ಲಿ ಅದೇ ಕೊರತೆ ಮರಳಿ ಬರಬಹುದು. ಆಗ ನಡಿಗೆ ತೂರಾಡುತ್ತದೆ, ದೃಷ್ಟಿ ಎರಡಾಗುತ್ತದೆ, ಬುದ್ಧಿ ಮಂಕಾಗುತ್ತದೆ. ತಡಮಾಡಿದರೆ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ. ಅವಸರದಲ್ಲಿ ನುಂಗುವ ಅಭ್ಯಾಸವೇ ಎಷ್ಟೋ ವೇಳೆ ಇಂಥ ವಾಂತಿಗೆ ಕಾರಣ. ಉಣ್ಣುವ ಕ್ರಮವನ್ನು ಮೊದಲೇ ಕಲಿಯಬೇಕೆಂಬ ಸಲಹೆಯ ಹಿಂದೆ ಇಷ್ಟು ಗಂಭೀರವಾದ ಕಾರಣವಿದೆ.

ಸಿದ್ಧತೆಯ ಅವಧಿ ಒಂದು ಪರೀಕ್ಷೆಯಲ್ಲ

ಶಸ್ತ್ರಚಿಕಿತ್ಸೆಗೆ ಮೊದಲು ಇಂತಿಷ್ಟು ಕಿಲೊ ಇಳಿಸಲೇಬೇಕು, ಇಲ್ಲವಾದರೆ ಚಿಕಿತ್ಸೆ ದೊರೆಯದು ಎಂಬ ಭಯ ಅನೇಕರಲ್ಲಿದೆ. ಹೀಗೆ ಕಡ್ಡಾಯವಾಗಿ ತೂಕ ಇಳಿಸುವುದರಿಂದ ಹೆಚ್ಚಿನ ಲಾಭವಿದೆಯೆಂಬುದಕ್ಕೆ ಸಾಕಷ್ಟು ಆಧಾರಗಳಿಲ್ಲವೆಂದು ತಜ್ಞರ ಸಂಘಗಳೇ ತಿಳಿಸಿವೆ. ಈ ಅವಧಿಯಲ್ಲಿ ತೂಕ ಇಳಿದರೆ ಅನುಕೂಲ. ಇಳಿಯದಿದ್ದರೆ ರೋಗಿ ತಪ್ಪಿತಸ್ಥನೆಂದು ಭಾವಿಸಬೇಕಾಗಿಲ್ಲ. ಬೊಜ್ಜು ಕೇವಲ ಸೋಮಾರಿತನದ ಫಲವಲ್ಲ. ಅನುವಂಶೀಯತೆ, ರಸದೂತಗಳು, ಕೆಲವು ಔಷಧಗಳು, ನಿದ್ರೆಯ ಕೊರತೆ, ಮಾನಸಿಕ ಒತ್ತಡ ಎಲ್ಲವೂ ಅದಕ್ಕೆ ಕಾರಣವಾಗುತ್ತವೆ.

ಈ ತಿಂಗಳುಗಳ ನಿಜವಾದ ಉದ್ದೇಶ ಮೂರು. ದೇಹದಲ್ಲಿರುವ ಕೊರತೆಗಳನ್ನು ಕಂಡುಹಿಡಿದು ತುಂಬುವುದು. ಮುಂದೆ ಅನಿವಾರ್ಯವಾಗುವ ಉಣ್ಣುವ ಕ್ರಮವನ್ನು ಮೊದಲೇ ರೂಢಿಸಿಕೊಳ್ಳುವುದು. ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸೆಯ ಅಪಾಯಗಳನ್ನು ತಗ್ಗಿಸುವುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಸರದಿಗಾಗಿ ಕಾಯಬೇಕಾಗುವ ಕಾಲವನ್ನು ವ್ಯರ್ಥವೆಂದು ತಿಳಿಯದೆ ಈ ಕಲಿಕೆಗೆ ಉಪಯೋಗಿಸಿಕೊಳ್ಳಬಹುದು.

ಕೊರತೆಗಳ ಪರೀಕ್ಷೆ

ದಪ್ಪಗಿರುವವರ ದೇಹದಲ್ಲಿ ಪೌಷ್ಟಿಕಾಂಶಗಳು ಧಾರಾಳವಾಗಿರುತ್ತವೆಂಬುದು ತಪ್ಪು ಕಲ್ಪನೆ. ಅವರ ಆಹಾರದಲ್ಲಿ ಕ್ಯಾಲೊರಿಗಳು ಹೆಚ್ಚಾಗಿದ್ದು, ಸಸಾರಜನಕ, ಕಬ್ಬಿಣ ಮತ್ತು ಜೀವಸತ್ವಗಳು ಕಡಿಮೆಯಿರುವುದು ಸಾಮಾನ್ಯ. ಕೊರತೆಯೊಡನೆ ಶಸ್ತ್ರಚಿಕಿತ್ಸೆಗೆ ಹೋದರೆ ಅನಂತರ ಅದು ಇನ್ನಷ್ಟು ಹೆಚ್ಚುತ್ತದೆ.

ರಕ್ತದಲ್ಲಿ ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ, ಬಿ-12, ಫೋಲಿಕ್ ಆಮ್ಲ, ಡಿ ಜೀವಸತ್ವ ಮತ್ತು ಸುಣ್ಣದ ಮಟ್ಟಗಳನ್ನು ಪರೀಕ್ಷಿಸಬೇಕು. ಮಾಂಸ, ಮೊಟ್ಟೆ ಸೇವಿಸದ ಕುಟುಂಬಗಳಲ್ಲಿ ಬಿ-12 ಕೊರತೆ ಹೆಚ್ಚು. ಡಿ ಜೀವಸತ್ವದ ವಿಷಯದಲ್ಲಿ ಬಿಸಿಲಿನ ನಾಡಿನಲ್ಲಿ ಕೊರತೆಯೆಲ್ಲಿ ಎಂಬ ನಂಬಿಕೆ ಹುಸಿಯಾಗಿದೆ. ದೆಹಲಿಯ ಆರೋಗ್ಯವಂತರಲ್ಲಿಯೂ ಈ ಜೀವಸತ್ವ ಬಹಳ ಕಡಿಮೆಯಿರುವುದನ್ನು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ಇವುಗಳಲ್ಲದೆ ಸಕ್ಕರೆಯ ಮೂರು ತಿಂಗಳ ಸರಾಸರಿ, ಥೈರಾಯ್ಡ್, ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳ ಪರೀಕ್ಷೆ, ಪಿತ್ತಕೋಶದಲ್ಲಿ ಕಲ್ಲುಗಳಿವೆಯೇ ಎಂದು ನೋಡುವ ಸ್ಕ್ಯಾನಿಂಗ್, ಅವಶ್ಯವಿದ್ದರೆ ಜಠರದ ಎಂಡೋಸ್ಕೋಪಿ ಮತ್ತು ನಿದ್ರೆಯ ಪರೀಕ್ಷೆಯೂ ನಡೆಯುತ್ತವೆ.

ಮಾತ್ರೆಗಳನ್ನು ನುಂಗುವ ಕ್ರಮವನ್ನೂ ಈಗಲೇ ಅರಿತಿರಬೇಕು. ಕಬ್ಬಿಣ ಮತ್ತು ಸುಣ್ಣದ ಮಾತ್ರೆಗಳನ್ನು ಒಟ್ಟಿಗೆ ತೆಗೆದುಕೊಂಡರೆ ಒಂದು ಮತ್ತೊಂದನ್ನು ತಡೆಯುತ್ತದೆ; ಎರಡರ ನಡುವೆ ಕನಿಷ್ಠ 2 ಗಂಟೆ ಅಂತರವಿರಬೇಕು. ಕಾಫಿ, ಚಹಾಗಳೂ ಕಬ್ಬಿಣವನ್ನು ತಡೆಯುವುದರಿಂದ ಊಟದೊಡನೆ ಅವುಗಳನ್ನು ಕುಡಿಯಬಾರದು.

ಅಡುಗೆಮನೆಯಲ್ಲಿ ಆಗಬೇಕಾದ ಬದಲಾವಣೆ

ಶಸ್ತ್ರಚಿಕಿತ್ಸೆಯಾದವರಿಗೆ ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 60 ಗ್ರಾಂ ಸಸಾರಜನಕ ಅಗತ್ಯವೆಂದು ಹೇಳುತ್ತಾರೆ. ತೂಕ ವೇಗವಾಗಿ ಇಳಿಯುವಾಗ ಕೊಬ್ಬಿನೊಡನೆ ಸ್ನಾಯುಗಳೂ ಕರಗದಂತೆ ಇದು ತಡೆಯುತ್ತದೆ. ಅನ್ನ ಪ್ರಧಾನವಾದ ಸಸ್ಯಾಹಾರದಲ್ಲಿ ಇಷ್ಟನ್ನು ಒದಗಿಸುವುದು ಲೆಕ್ಕಾಚಾರವಿಲ್ಲದೆ ಸಾಧ್ಯವಿಲ್ಲ.

100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿಗಳಿದ್ದರೂ ಸಸಾರಜನಕ 7ರಿಂದ 8 ಗ್ರಾಂ ಮಾತ್ರ. ಅದೇ ತೂಕದ ತೊಗರಿಬೇಳೆ ಅಥವಾ ಹುರುಳಿಯಲ್ಲಿ 20 ಗ್ರಾಂಗಿಂತ ಹೆಚ್ಚು, ಪನೀರಿನಲ್ಲಿ ಸುಮಾರು 18 ಗ್ರಾಂ, ಸೋಯಾ ಉಂಡೆಗಳಲ್ಲಿ ಸುಮಾರು 50 ಗ್ರಾಂ ಸಸಾರಜನಕವಿದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. ಆದ್ದರಿಂದ 60 ಗ್ರಾಂ ಬೇಳೆಕಾಳು, 100 ಗ್ರಾಂ ಪನೀರು, 25 ಗ್ರಾಂ ಸೋಯಾ, 300 ಮಿಲಿಲೀಟರ್ ಕೆನೆ ತೆಗೆದ ಹಾಲು ಮತ್ತು ಒಂದು ಬಟ್ಟಲು ಮೊಸರನ್ನು ದಿನದಲ್ಲಿ ಹಂಚಿಕೊಂಡು ಸೇವಿಸಿದರೆ ಸಸ್ಯಾಹಾರಿಗೂ ಸುಮಾರು 60 ಗ್ರಾಂ ದೊರೆಯುತ್ತದೆ.

ಕನ್ನಡಿಗರ ಅಡುಗೆಯಲ್ಲಿ ಇದಕ್ಕೆ ಅನುಕೂಲವಾದ ಪದಾರ್ಥಗಳು ಹೇರಳವಾಗಿವೆ. ಹೆಸರುಬೇಳೆ ಕೋಸಂಬರಿ, ಮೊಳಕೆ ಹುರುಳಿಯ ಉಸಲಿ, ಅವರೆಕಾಳಿನ ಹುಳಿ, ಸೊಪ್ಪು ಬೆರೆಸಿದ ಗಟ್ಟಿ ತೊವ್ವೆ, ಮಜ್ಜಿಗೆ ಇವೆಲ್ಲ ಉಪಯುಕ್ತ. ಆದರೆ ಬದಲಿಸಬೇಕಾದುದು ಪ್ರಮಾಣ ಮತ್ತು ಅನುಕ್ರಮ. ತಟ್ಟೆಯ ತುಂಬ ಅನ್ನ ಬಡಿಸಿ ಮೇಲೆ ತಿಳಿಸಾರು ಸುರಿದರೆ ಸಸಾರಜನಕ ಅತ್ಯಲ್ಪವಾಗಿ ದೊರೆಯುತ್ತದೆ. ತಿಳಿಸಾರಿನಲ್ಲಿ ಬೇಳೆಯ ಅಂಶ ಹೆಚ್ಚಿರುವುದಿಲ್ಲ. ಮೊದಲು ಬೇಳೆ, ಕಾಳು, ಪನೀರು ಅಥವಾ ಮೊಟ್ಟೆ, ಅನಂತರ ತರಕಾರಿ, ಕೊನೆಯಲ್ಲಿ ಹಸಿವಿದ್ದರೆ ಸ್ವಲ್ಪ ಅನ್ನ ಅಥವಾ ರೊಟ್ಟಿ ಎಂಬ ಅನುಕ್ರಮವನ್ನು ಮನೆಯಲ್ಲಿ ರೂಢಿಗೆ ತರಬೇಕು. ಚಿಕ್ಕದಾಗುವ ಜಠರದಲ್ಲಿ ಅನ್ನವೇ ಮೊದಲು ತುಂಬಿದರೆ ಉಳಿದವುಗಳಿಗೆ ಸ್ಥಳವಿರದು.

ರಾಗಿಯ ವಿಷಯದಲ್ಲಿಯೂ ತಿಳಿವಳಿಕೆ ಅಗತ್ಯ. ರಾಗಿಯಲ್ಲಿ ಸುಣ್ಣದ ಅಂಶ ಬೇರೆ ಧಾನ್ಯಗಳಿಗಿಂತ ಬಹಳ ಹೆಚ್ಚು. 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಅಧಿಕ. ನಾರೂ ಇದೆ. ಆದರೂ ಅದರ ಸಸಾರಜನಕ ಅಕ್ಕಿಯಷ್ಟೇ, ಕ್ಯಾಲೊರಿಯಲ್ಲಿಯೂ ದೊಡ್ಡ ವ್ಯತ್ಯಾಸವಿಲ್ಲ. ರಾಗಿ ಮುದ್ದೆಯನ್ನು ಎಷ್ಟು ಉಂಡರೂ ತೂಕ ಹೆಚ್ಚುವುದಿಲ್ಲವೆಂಬುದು ಸರಿಯಲ್ಲ. ಇದಲ್ಲದೆ ಮುದ್ದೆಯನ್ನು ಅಗಿಯದೆ ನುಂಗುವ ಪದ್ಧತಿಯಿದೆ. ಶಸ್ತ್ರಚಿಕಿತ್ಸೆಯ ಅನಂತರ ಅಗಿಯದೆ ನುಂಗಿದ ಯಾವುದೇ ತುತ್ತು ಕಿರಿದಾದ ದಾರಿಯಲ್ಲಿ ಸಿಲುಕಬಹುದು. ಮುದ್ದೆ ಪ್ರಿಯರು ಈ ಅಭ್ಯಾಸವನ್ನು ಮೊದಲೇ ಬಿಡಬೇಕು.

ಸಕ್ಕರೆ ಮತ್ತು ಎಣ್ಣೆಗಳ ಲೆಕ್ಕವನ್ನು ಬರೆದಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಲೋಟಕ್ಕೆ 2 ಚಮಚ ಸಕ್ಕರೆಯಂತೆ ದಿನಕ್ಕೆ 5 ಬಾರಿ ಕಾಫಿ ಅಥವಾ ಚಹಾ ಕುಡಿದರೆ ಸುಮಾರು 50 ಗ್ರಾಂ ಸಕ್ಕರೆ, ಅಂದರೆ 200 ಕ್ಯಾಲೊರಿ, ದೇಹವನ್ನು ಸೇರುತ್ತದೆ. ಸೇರಿಸಿದ ಸಕ್ಕರೆ ಸುಮಾರು 25 ಗ್ರಾಂ ಮೀರದಿದ್ದರೆ ಹೆಚ್ಚಿನ ಪ್ರಯೋಜನವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಒಂದು ಸಣ್ಣ ಚಮಚ ಎಣ್ಣೆಯಲ್ಲಿ 45 ಕ್ಯಾಲೊರಿಗಳಿವೆ. ಬಾಣಲೆಗೆ ಕಣ್ಣಳತೆಯಿಂದ ಎಣ್ಣೆ ಸುರಿಯುವ ಬದಲು ತಿಂಗಳ ಎಣ್ಣೆಯನ್ನು ಅಳೆದು ಇಟ್ಟುಕೊಳ್ಳುವುದು ಸುಲಭವಾದ ಉಪಾಯ. ಶಸ್ತ್ರಚಿಕಿತ್ಸೆಯ ಅನಂತರವೂ ಹಣ್ಣಿನ ರಸ, ಐಸ್‌ಕ್ರೀಂ, ಸಿಹಿ ಲಸ್ಸಿಗಳು ಚಿಕ್ಕ ಜಠರದಲ್ಲಿ ನಿರಾತಂಕವಾಗಿ ಇಳಿದುಹೋಗುತ್ತವೆ. ತೂಕ ಮರಳಿ ಏರಲು ಇವು ಮುಖ್ಯ ಕಾರಣಗಳಲ್ಲಿ ಸೇರಿವೆ. ಬೈಪಾಸ್ ಆದವರಲ್ಲಿ ಸಿಹಿ ಪದಾರ್ಥಗಳು ಕರುಳಿಗೆ ಒಮ್ಮೆಗೇ ಇಳಿದು ಬೆವರು, ಎದೆಬಡಿತ, ಹೊಟ್ಟೆ ನುಲಿತ ಮತ್ತು ತಲೆಸುತ್ತನ್ನು ಉಂಟುಮಾಡಬಹುದು.

ಉಣ್ಣುವ ಕ್ರಮದ ಅಭ್ಯಾಸ

ಕಚೇರಿಗೆ ಹೊರಡುವ ಆತುರದಲ್ಲಿ 5 ನಿಮಿಷಗಳಲ್ಲಿ ಉಪಾಹಾರ ಮುಗಿಸುವ ರೂಢಿ ಮಹಾನಗರದಲ್ಲಿ ಸಾಮಾನ್ಯ. ಶಸ್ತ್ರಚಿಕಿತ್ಸೆಯಾದ ದಿನವೇ ಈ ರೂಢಿ ಬದಲಾಗದು. ಆದುದರಿಂದ ಕೆಳಗಿನ ಅಭ್ಯಾಸಗಳನ್ನು ಕನಿಷ್ಠ 2-3 ತಿಂಗಳು ಮೊದಲೇ ಆರಂಭಿಸಬೇಕು.

1. ಪ್ರತಿ ತುತ್ತನ್ನೂ ಚಿಕ್ಕದಾಗಿ ತೆಗೆದುಕೊಂಡು, 20ರಿಂದ 30 ಬಾರಿ ಅಗಿದು, ಸಂಪೂರ್ಣ ನುಣ್ಣಗಾದ ಮೇಲೆಯೇ ನುಂಗುವುದು. ಒಂದು ಊಟಕ್ಕೆ 20ರಿಂದ 30 ನಿಮಿಷ ವಿನಿಯೋಗಿಸುವುದು.

2. ಊಟದೊಡನೆ ನೀರು ಕುಡಿಯದಿರುವುದು. ಊಟವಾದ ಅರ್ಧ ಗಂಟೆಯ ಅನಂತರ ಗುಟುಕು ಗುಟುಕಾಗಿ ಕುಡಿಯುವುದು. ಲೋಟವನ್ನು ಎತ್ತಿ ಗಟಗಟನೆ ಕುಡಿಯುವ ಪದ್ಧತಿಯನ್ನು ಬಿಡುವುದು. ದೆಹಲಿಯ ಬೇಸಿಗೆಯಲ್ಲಿ ಇದು ಬಹು ಮುಖ್ಯ. ಶಸ್ತ್ರಚಿಕಿತ್ಸೆಯಾದವರು ಒಂದೇ ಬಾರಿಗೆ ಹೆಚ್ಚು ನೀರು ಕುಡಿಯಲಾರರಾದ್ದರಿಂದ ದಿನವಿಡೀ ಸ್ವಲ್ಪಸ್ವಲ್ಪವಾಗಿ ಕುಡಿಯದಿದ್ದರೆ ನಿರ್ಜಲತೆ ಉಂಟಾಗುತ್ತದೆ.

3. ಹೊಟ್ಟೆ ತುಂಬಿತೆಂಬ ಮೊದಲ ಸೂಚನೆಗೇ ಊಟ ನಿಲ್ಲಿಸುವುದು. ತಟ್ಟೆಯಲ್ಲಿ ಬಿಟ್ಟರೆ ಅನ್ನಕ್ಕೆ ಅವಮಾನವೆಂಬ ಸಂಸ್ಕಾರ ಒಳ್ಳೆಯದೇ. ಅದನ್ನು ಉಳಿಸಿಕೊಳ್ಳಲು ಮೊದಲೇ ಕಡಿಮೆ ಬಡಿಸಿಕೊಳ್ಳಬೇಕು. ಇದಕ್ಕೆ ಚಿಕ್ಕ ತಟ್ಟೆ, ಚಿಕ್ಕ ಚಮಚ ಸಹಾಯಕ.

4. ದೂರದರ್ಶನ ಅಥವಾ ಮೊಬೈಲ್ ನೋಡುತ್ತ ಊಟಮಾಡದಿರುವುದು.

5. ತಿಂದುದನ್ನೆಲ್ಲ, ಹೊತ್ತಿನೊಡನೆ, ಒಂದು ಪುಸ್ತಕದಲ್ಲಿ ಬರೆಯುವುದು. ಹಸಿವಿನಿಂದ ತಿಂದದ್ದೇ, ಬೇಸರ ಅಥವಾ ಚಿಂತೆಯಿಂದ ತಿಂದದ್ದೇ ಎಂಬುದನ್ನೂ ಗುರುತಿಸುವುದು. ದುಃಖವನ್ನು ಮರೆಯಲು ತಿನ್ನುವವರಿಗೆ ಮನೋವೈದ್ಯರ ಅಥವಾ ಸಲಹೆಗಾರರ ನೆರವು ಅಗತ್ಯವಾಗಬಹುದು. ಇದರಲ್ಲಿ ನಾಚಿಕೆ ಪಡುವಂಥದೇನೂ ಇಲ್ಲ.

ನಡಿಗೆ, ನಿದ್ರೆ ಮತ್ತು ವ್ಯಸನಗಳು

ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ವಯಸ್ಕರಿಗೆ ಅವಶ್ಯ. ಭಾರವಾದ ಶರೀರ, ನೋಯುವ ಮಂಡಿಗಳಿರುವವರು ಇದನ್ನು ಒಮ್ಮೆಗೇ ಸಾಧಿಸಲಾರರು. ದಿನಕ್ಕೆ 10 ನಿಮಿಷಗಳ ನಡಿಗೆಯಿಂದ ಆರಂಭಿಸಿ ವಾರವಾರವೂ ಸ್ವಲ್ಪ ಹೆಚ್ಚಿಸುವುದು ಸೂಕ್ತ. ಲೋಧಿ ಉದ್ಯಾನ, ನೆಹರು ಪಾರ್ಕ್‌ಗಳಂಥ ವಿಶಾಲ ಉದ್ಯಾನಗಳು, ಸರ್ಕಾರಿ ವಸತಿ ಕಾಲೊನಿಗಳ ಒಳರಸ್ತೆಗಳು ನಡಿಗೆಗೆ ಅನುಕೂಲವಾಗಿವೆ. ಆದರೆ ಚಳಿಗಾಲದಲ್ಲಿ ರಾಜಧಾನಿಯ ಗಾಳಿ ಕಲುಷಿತವಾಗುತ್ತದೆ. ವಾಯು ಗುಣಮಟ್ಟದ ಸೂಚ್ಯಂಕ 300ನ್ನು ಮೀರಿದರೆ ‘ಬಹಳ ಕಳಪೆ’, 400ನ್ನು ಮೀರಿದರೆ ‘ತೀವ್ರ’ ಎಂದು ಪರಿಗಣಿಸುತ್ತಾರೆ. ಅಂತಹ ದಿನಗಳಲ್ಲಿ ಮಂಜು ಮುಸುಕಿದ ಮುಂಜಾನೆಯ ನಡಿಗೆಯನ್ನು ಬಿಟ್ಟು ಮನೆಯೊಳಗೆ ನಡೆಯುವುದು, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ವೈದ್ಯರು ಒಪ್ಪಿದ ಯೋಗಾಸನಗಳನ್ನು ಮಾಡುವುದು ಲೇಸು. ಆಳವಾಗಿ ಉಸಿರಾಡುವ ಅಭ್ಯಾಸ ಶಸ್ತ್ರಚಿಕಿತ್ಸೆಯ ಅನಂತರ ಶ್ವಾಸಕೋಶಗಳಿಗೆ ನೆರವಾಗುತ್ತದೆ.

ಜೋರಾಗಿ ಗೊರಕೆ ಹೊಡೆಯುವುದು, ನಿದ್ರೆಯ ನಡುವೆ ಉಸಿರು ಕಟ್ಟಿ ಎಚ್ಚರವಾಗುವುದು, ಹಗಲಿನಲ್ಲಿ ತೂಕಡಿಕೆ ಇವುಗಳನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಇದು ಅರಿವಳಿಕೆಯ ಸಮಯದಲ್ಲಿ ಅಪಾಯ ತರಬಲ್ಲದು. ಬೀಡಿ, ಸಿಗರೇಟು ಮತ್ತು ಇತರ ತಂಬಾಕನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ 6 ವಾರಗಳ ಮೊದಲೇ ಬಿಟ್ಟು, ಮತ್ತೆಂದೂ ಮುಟ್ಟಬಾರದು. ತಂಬಾಕಿನಿಂದ ಗಾಯ ಮಾಯುವುದು ನಿಧಾನವಾಗುತ್ತದೆ. ಹೊಲಿಗೆಯ ಸ್ಥಳದಲ್ಲಿ ಹುಣ್ಣಾಗುವ ಸಂಭವ ಹೆಚ್ಚುತ್ತದೆ. ಶಸ್ತ್ರಚಿಕಿತ್ಸೆಯ ಅನಂತರ ಮದ್ಯವು ಬಹು ಬೇಗ ರಕ್ತಕ್ಕೆ ಸೇರುವುದರಿಂದ ಚಟವಾಗುವ ಅಪಾಯವೂ ಅಧಿಕ.

ಗರ್ಭಧಾರಣೆಯ ವಯಸ್ಸಿನ ಮಹಿಳೆಯರು ಶಸ್ತ್ರಚಿಕಿತ್ಸೆಯ ಅನಂತರ 12ರಿಂದ 18 ತಿಂಗಳು ಗರ್ಭ ಧರಿಸದಿರುವುದು ಕ್ಷೇಮ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದರಿಂದ ಈ ವಿಷಯವನ್ನು ದಂಪತಿಗಳು ಮೊದಲೇ ವೈದ್ಯರೊಡನೆ ಚರ್ಚಿಸಬೇಕು.

ಕೊನೆಯ ಎರಡು ವಾರಗಳು

ಪಿತ್ತಜನಕಾಂಗದ ಎಡಭಾಗವು ಜಠರದ ಮೇಲೆ ಹೊದಿಕೆಯಂತೆ ಇರುತ್ತದೆ. ಬೊಜ್ಜಿನವರಲ್ಲಿ ಅದು ಕೊಬ್ಬು ತುಂಬಿ ಊದಿಕೊಂಡಿರುವುದರಿಂದ ಶಸ್ತ್ರಚಿಕಿತ್ಸಕರು ಅದನ್ನು ಎತ್ತಿ ಹಿಡಿದು ಕೆಲಸ ಮಾಡುವುದು ಕಷ್ಟವಾಗುತ್ತದೆ. ಇದನ್ನು ಕುಗ್ಗಿಸಲು ಅನೇಕ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗೆ ಮುಂಚಿನ ಸುಮಾರು 2 ವಾರಗಳ ಕಾಲ 800ರಿಂದ 1000 ಕ್ಯಾಲೊರಿಗಳ ಪಥ್ಯವನ್ನು ವಿಧಿಸುತ್ತವೆ. ಇದರಲ್ಲಿ ಸಸಾರಜನಕ ಹೆಚ್ಚಿದ್ದು ಅನ್ನ, ರೊಟ್ಟಿ, ಸಿಹಿ, ಕೊಬ್ಬುಗಳು ಬಹಳ ಕಡಿಮೆಯಿರುತ್ತವೆ.

ಈ ಪಥ್ಯವನ್ನು ಯಾರೂ ತಾವಾಗಿಯೇ ಆರಂಭಿಸಬಾರದು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಿಂದಿನ ಪ್ರಮಾಣದಲ್ಲಿಯೇ ಮುಂದುವರಿಸಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮೊದಲು ವೈದ್ಯರು ನಿಲ್ಲಿಸುತ್ತಾರೆ. ಇಲ್ಲವಾದರೆ ಸಕ್ಕರೆಯ ಮಟ್ಟ ಹೆಚ್ಚಿಲ್ಲದೆಯೇ ರಕ್ತದಲ್ಲಿ ಆಮ್ಲ ಶೇಖರವಾಗಬಹುದು. ತೂಕ ಇಳಿಸಲೆಂದು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಔಷಧಗಳನ್ನು ಬಳಸುತ್ತಿರುವವರು ಅರಿವಳಿಕೆ ತಜ್ಞರಿಗೆ ಆ ವಿಷಯವನ್ನು ತಿಳಿಸಲೇಬೇಕು. ಈ ಔಷಧಗಳಿಂದ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ. ನಾಟಿ ಔಷಧ, ಚೂರ್ಣ, ಕಷಾಯಗಳನ್ನು ಸೇವಿಸುತ್ತಿದ್ದರೆ ಅವನ್ನೂ ಮರೆಮಾಚಬಾರದು.

ಕುಟುಂಬದ ಹೊಣೆ

ಮನೆಯಲ್ಲಿ ಒಬ್ಬರಿಗೆ ಮಾತ್ರ ಪಥ್ಯ, ಉಳಿದವರಿಗೆ ಪೂರಿ ಎಂಬ ವ್ಯವಸ್ಥೆ ಹೆಚ್ಚು ದಿನ ನಡೆಯಲಾರದು. ಅದರಲ್ಲಿಯೂ ರೋಗಿಯೇ ಮನೆಯ ಗೃಹಿಣಿಯಾಗಿದ್ದರೆ ಆಕೆ ಎಲ್ಲರಿಗೂ ಕರಿದ ತಿಂಡಿ ಮಾಡಿ ಬಡಿಸಿ, ತಾನು ಮಾತ್ರ ಬೇಳೆಯ ಕಟ್ಟು ಕುಡಿಯಬೇಕಾಗುತ್ತದೆ. ಇದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ಇಡೀ ಕುಟುಂಬ ಎಣ್ಣೆ, ಸಕ್ಕರೆ, ಅನ್ನಗಳ ಪ್ರಮಾಣ ತಗ್ಗಿಸಿ ಕಾಳು ತರಕಾರಿಗಳನ್ನು ಹೆಚ್ಚಿಸಿದರೆ ರೋಗಿಗೆ ಆಸರೆಯಾಗುತ್ತದೆ. ಮಕ್ಕಳಲ್ಲಿ ಬೊಜ್ಜು ಬಾರದಂತೆಯೂ ತಡೆಯುತ್ತದೆ. ಆಹಾರತಜ್ಞರ ಭೇಟಿಗೆ ಅಡುಗೆ ಮಾಡುವವರೂ ಜೊತೆಗೆ ಹೋಗುವುದು ಉತ್ತಮ.

ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ದ್ರವಾಹಾರ, ಅನಂತರ ನುಣ್ಣಗೆ ಅರೆದ ಆಹಾರ, ಬಳಿಕ ಮೆತ್ತನೆಯ ಆಹಾರ, ಒಂದೂವರೆ ಎರಡು ತಿಂಗಳ ಹೊತ್ತಿಗೆ ಸಾಮಾನ್ಯ ಆಹಾರ ಎಂಬ ಮೆಟ್ಟಿಲುಗಳಿವೆ. ನಿಶ್ಶಕ್ತಿಯೆಂದು ಮರುಗಿ ಹಿರಿಯರು ಗಂಜಿ, ಪಾಯಸ, ಎಳನೀರುಗಳನ್ನೇ ಒತ್ತಾಯಿಸುವುದುಂಟು. ಅಕ್ಕಿ ಗಂಜಿಯಲ್ಲಿ ಸಸಾರಜನಕ ಅತ್ಯಲ್ಪ. ಕೆನೆ ತೆಗೆದ ಹಾಲು, ಮಜ್ಜಿಗೆ, ಸೋಸಿದ ಬೇಳೆ, ವೈದ್ಯರು ಸೂಚಿಸಿದ ಸಸಾರಜನಕದ ಪುಡಿ ಹೆಚ್ಚು ಯೋಗ್ಯ. ಮದುವೆ, ಹಬ್ಬಗಳಲ್ಲಿ ‘ಒಂದೇ ಒಂದು ಹೋಳಿಗೆ’ ಎಂದು ಒತ್ತಾಯಿಸದಿರುವುದೂ ಉಪಚಾರವೇ. ಏಕಾದಶಿ, ನವರಾತ್ರಿಗಳ ಉಪವಾಸ ಆಚರಿಸುವವರು ವೈದ್ಯರ ಅಭಿಪ್ರಾಯ ಪಡೆದೇ ಮುಂದುವರಿಯಬೇಕು.

ನೆನಪಿಡಬೇಕಾದ ಅಂಶಗಳು

* ಶಸ್ತ್ರಚಿಕಿತ್ಸೆಯು ದೀರ್ಘಕಾಲದ ಚಿಕಿತ್ಸೆಯ ಒಂದು ಹಂತ ಮಾತ್ರ. ಆಹಾರಕ್ರಮ ಬದಲಾಗದಿದ್ದರೆ ಇಳಿದ ತೂಕ ಮರಳಿ ಬರಬಹುದು.

* ರಕ್ತಹೀನತೆ, ಬಿ-12 ಹಾಗೂ ಡಿ ಜೀವಸತ್ವಗಳ ಕೊರತೆಗಳನ್ನು ಮೊದಲೇ ಸರಿಪಡಿಸಿಕೊಳ್ಳಬೇಕು.

* ಸಸಾರಜನಕ ಮೊದಲು, ತರಕಾರಿ ಅನಂತರ, ಅನ್ನ ಕೊನೆಗೆ.

* ನಿಧಾನವಾಗಿ ಅಗಿಯುವುದು, ಊಟದೊಡನೆ ನೀರು ಕುಡಿಯದಿರುವುದು ಮುಂಚಿತವಾಗಿಯೇ ರೂಢಿಯಾಗಬೇಕು.

* ಯಾವ ಔಷಧವನ್ನೂ ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು, ಯಾವುದನ್ನೂ ಬಚ್ಚಿಡಬಾರದು.

* ಶಸ್ತ್ರಚಿಕಿತ್ಸೆಯ ಅನಂತರ ಪದೇ ಪದೇ ವಾಂತಿ, ಹೊಟ್ಟೆನೋವು, ಜ್ವರ, ಎದೆಬಡಿತ, ನಡಿಗೆಯಲ್ಲಿ ತೂರಾಟ ಕಂಡುಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈ ಸಿದ್ಧತೆಯನ್ನು ನಿಷ್ಠೆಯಿಂದ ನಡೆಸಿದವರಲ್ಲಿ ಕೆಲವರ ತೂಕ ಮತ್ತು ಸಕ್ಕರೆ ಹತೋಟಿಗೆ ಬಂದು, ಶಸ್ತ್ರಚಿಕಿತ್ಸೆಯನ್ನು ಮುಂದೂಡಲು ವೈದ್ಯರು ಒಪ್ಪುವುದೂ ಉಂಟು. ಶಸ್ತ್ರಚಿಕಿತ್ಸೆ ಅನಿವಾರ್ಯವಾದವರಿಗೆ ಅದೇ ಅಭ್ಯಾಸಗಳು ಮುಂದಿನ ಜೀವನಕ್ಕೆ ಆಧಾರವಾಗುತ್ತವೆ. ಎರಡೂ ಸಂದರ್ಭಗಳಲ್ಲಿ ಈ ತಿಂಗಳುಗಳ ಶ್ರಮ ವ್ಯರ್ಥವಾಗುವುದಿಲ್ಲ.